ಪಟ್ಟಿಮಾರ್ಗದ ಸಹಜರೋಧ: ಒಂದು ಲೆಕ್ಕ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಬಿಟ್ಟು, ವಿದ್ಯುತ್ತಂತಿಯ ಲೆಕ್ಕವೊಂದನ್ನು ವಾರ್ಷಿಕ ಸಂಚಿಕೆಗೆ ಬರೆದುದನ್ನು ಕಂಡು ಮಿತ್ರರು ಹುಬ್ಬೇರಿಸಬಹುದು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಇಲ್ಲಿ ಬರುವ ಗಣಿತವು ಕೂಡಿಸುವುದು, ಗುಣಿಸುವುದು, ಭಾಗಿಸುವುದು ಮತ್ತು ವರ್ಗಮೂಲ ತೆಗೆಯುವುದು, ಇಷ್ಟನ್ನು ಮೀರುವುದಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ನೆನಪು ಮತ್ತು ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ, ಇವೆರಡೂ ಸೇರಿ ನನ್ನನ್ನು ಈ ವಿಷಯದ ಕಡೆಗೆ ಎಳೆದವು.

ಪ್ರಸಂಗ

ನಮ್ಮ ಮನೆ ಇರುವುದು ಕಡಬ ತಾಲೂಕಿನ ಒಂದು ತಗ್ಗಿನಲ್ಲಿ. ಸುತ್ತಲೂ ಗುಡ್ಡ, ಗುಡ್ಡದ ಮೇಲೆ ರಬ್ಬರ್, ಕೆಳಗೆ ಅಡಿಕೆ ತೋಟ. ಮೊಬೈಲ್ ಸಂಕೇತಗಳು ನಮ್ಮ ತಲೆಯ ಮೇಲಿಂದಲೇ ಹಾದುಹೋಗುತ್ತವೆ. ಈ ಕಷ್ಟ ನಮ್ಮೊಬ್ಬರದೇ ಅಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದ ರಸ್ತೆಬದಿಯಲ್ಲಿ ಮಗಳು ಮೊಬೈಲಿನಲ್ಲಿ ಪಾಠ ಕೇಳುತ್ತಿರಲು ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ಪತ್ರಿಕೆಗಳಲ್ಲಿ ಅನೇಕರು ನೋಡಿರಬಹುದು.

ನಾನು ಪದವಿ ತರಗತಿಗೆ ಸೇರಿದ ವರ್ಷ ಅಪ್ಪ ಅಡಿಕೆ ಮಾರಿದ ಹಣದಲ್ಲಿ ಹೊರ ಆಂಟೆನಾ ಜೋಡಿಸಬಹುದಾದ ಒಂದು ರೌಟರ್ ತರಿಸಿದರು. ಸೋದರಮಾವ ಬಂದು ಆಂಟೆನಾವನ್ನು ಉದ್ದನೆಯ ಅಡಿಕೆ ಮರದ ಕಂಬಕ್ಕೆ ಕಟ್ಟಿ ಗುಡ್ಡದ ಮೇಲೆ ನಿಲ್ಲಿಸಿದರು. ಅಲ್ಲಿಂದ ಮನೆಗೆ ಸುಮಾರು 35 ಮೀಟರ್. ಆಂಟೆನಾದೊಡನೆ ಬಂದ ತಂತಿ ಗಿಡ್ಡ. ಮನೆಯಲ್ಲಿ ಹಳೆಯ ಟಿ.ವಿ. ಕೇಬಲ್ ಸುರುಳಿಯಾಗಿ ಬಿದ್ದಿತ್ತು. ಅದನ್ನೇ ಎಳೆದು ಸೇರಿಸಿದ್ದಾಯಿತು. ಆದರೆ ಗುಡ್ಡದ ಮೇಲೆ ಚೆನ್ನಾಗಿ ಸಿಗುತ್ತಿದ್ದ ಸಂಕೇತ ಚಾವಡಿಗೆ ಬರುವಷ್ಟರಲ್ಲಿ ಮಾಯ! ಪೇಟೆಯ ಅಂಗಡಿಯವರನ್ನು ಕೇಳಿದರೆ ಬಂದ ಉತ್ತರ ಇದು: "ಅದು 75 ಓಮಿನ ಕೇಬಲ್ ಮಾರಾಯ, ನಿಮ್ಮದು 50 ಓಮ್. ಓಮ್ ತಾಳೆಯಾಗದೆ ಹೇಗೆ ಬರುತ್ತದೆ?"

ಮಾವ ನನ್ನ ಮುಖ ನೋಡಿದರು. "ನೀನು ಕಾಲೇಜಿಗೆ ಹೋಗುವವನಲ್ಲವಾ, ಈ ಓಮ್ ಎಂದರೆ ಎಂತದು ಹೇಳು" ಎಂದರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಉತ್ತರ ಗೊತ್ತಿರಲಿಲ್ಲ. ಮಾವನ ಮಲ್ಟಿಮೀಟರನ್ನು ಕೇಬಲಿನ ಒಳತಂತಿಗೂ ಹೊರಬಲೆಗೂ ಹಿಡಿದು ನೋಡಿದೆ. 75 ಎಂಬ ಅಂಕೆ ಅಲ್ಲಿ ಎಲ್ಲಿಯೂ ಸಿಗಲಿಲ್ಲ; ಎರಡರ ನಡುವೆ ಸಂಪರ್ಕವೇ ಇಲ್ಲವೆಂದು ಮೀಟರ್ ತೋರಿಸಿತು. ಹಾಗಾದರೆ ಕೇಬಲಿನ ಮೈಮೇಲೆ ಮುದ್ರಿಸಿದ 75 ಓಮ್ ಇರುವುದಾದರೂ ಎಲ್ಲಿ? ಈ ಪ್ರಶ್ನೆಯೇ ಪ್ರಸ್ತುತ ಲೇಖನದ ಮೂಲ.

ಸಹಜರೋಧವೆಂದರೇನು?

ಇಂಗ್ಲಿಷ್ ಗ್ರಂಥಗಳಲ್ಲಿ ಇದಕ್ಕೆ ಕ್ಯಾರೆಕ್ಟರಿಸ್ಟಿಕ್ ಇಂಪೀಡೆನ್ಸ್ ಎಂದು ಹೆಸರು. ಈ ಲೇಖನದ ಮಟ್ಟಿಗೆ ನಾನು ಅದನ್ನು 'ಸಹಜರೋಧ' ಎಂದು ಕರೆಯುತ್ತೇನೆ. 'ಇಂಪೀಡೆನ್ಸ್' ಎಂಬ ಪದವನ್ನು 1886ರಲ್ಲಿ ಬಳಕೆಗೆ ತಂದವನು ಆಲಿವರ್ ಹೆವಿಸೈಡ್. ಈತನು 16ನೆಯ ವಯಸ್ಸಿಗೇ ಶಾಲೆ ಬಿಟ್ಟು, ತಂತಿ ಕಚೇರಿಯಲ್ಲಿ ದುಡಿದು, ವಿಶ್ವವಿದ್ಯಾನಿಲಯದ ಮುಖವನ್ನೇ ನೋಡದೆ, ಗಣಿತವನ್ನು ತಾನಾಗಿಯೇ ಕಲಿತವನು. ಸಮುದ್ರದ ತಳದಲ್ಲಿ ಹಾಸಿದ ತಂತಿಗಳಲ್ಲಿ ಸಂದೇಶಗಳು ಕಲಸಿಹೋಗುವುದೇಕೆ ಎಂಬುದನ್ನು ಈತನ ಸಮೀಕರಣಗಳು ಬಿಡಿಸಿ ತೋರಿಸಿದವು.

ಬಹಳ ಉದ್ದವಾದ ಒಂದು ಕೇಬಲನ್ನು ಕಲ್ಪಿಸಿಕೊಳ್ಳೋಣ. ಅದರ ಒಂದು ತುದಿಗೆ 75 ವೋಲ್ಟ್ ಕೊಟ್ಟೆವು. ಆ ಕ್ಷಣದಲ್ಲಿ ವಿದ್ಯುತ್ತಿಗೆ ಕೇಬಲಿನ ಇನ್ನೊಂದು ತುದಿಯಲ್ಲಿ ಏನಿದೆ ಎಂಬುದು ತಿಳಿಯದು; ಅಲ್ಲಿಗೆ ಹೋಗಿ ಮರಳಲು ಅದಕ್ಕೆ ಕಾಲ ಬೇಕು. ಆದರೂ ಆ ಮೊದಲ ಗಳಿಗೆಯಲ್ಲಿಯೇ ಒಂದು ನಿರ್ದಿಷ್ಟ ಪ್ರವಾಹ ಕೇಬಲಿನೊಳಗೆ ಹರಿಯುತ್ತದೆ. ಅದು 1 ಆಂಪಿಯರ್ ಆಗಿದ್ದರೆ ಆ ಕೇಬಲಿನ ಸಹಜರೋಧ 75 ಓಮ್. ಮುಂದೆ ಸಾಗುವ ಅಲೆಯಲ್ಲಿ ವೋಲ್ಟೇಜಿಗೂ ಪ್ರವಾಹಕ್ಕೂ ಇರುವ ಪ್ರಮಾಣವೇ ಸಹಜರೋಧ. ಅದು ತಾಮ್ರದ ರೋಧವಲ್ಲ, ಕೇಬಲ್ ಉದ್ದವಾದರೆ ಹೆಚ್ಚುವುದೂ ಇಲ್ಲ. ಒಂದು ಗೇಣಿನ ತುಂಡಿಗೂ ಒಂದು ಮೈಲಿನ ಸುರುಳಿಗೂ ಅದೇ 75 ಓಮ್. ಮಲ್ಟಿಮೀಟರಿಗೆ ಅದು ಸಿಗದಿರಲು ಕಾರಣವೂ ಇದೇ: ಮೀಟರಿನ ಮುಳ್ಳು ಅಲುಗುವಷ್ಟರಲ್ಲಿ ಅಲೆ ಲಕ್ಷಾಂತರ ಸಲ ಹೋಗಿ ಬಂದು ಶಾಂತವಾಗಿರುತ್ತದೆ.

ಎರಡು ಬೇರೆ ಬೇರೆ ಸಹಜರೋಧದ ತಂತಿಗಳು ಸೇರುವಲ್ಲಿ ಏನಾಗುತ್ತದೆ? ಬಾವಿಯ ದಪ್ಪ ಹಗ್ಗಕ್ಕೆ ತೆಳ್ಳನೆಯ ಹುರಿಯನ್ನು ಗಂಟು ಹಾಕಿ ಒಂದು ತುದಿಯಿಂದ ಕುಲುಕಿ ನೋಡಿರಿ. ಗಂಟಿನ ಬಳಿ ಅಲೆಯ ಒಂದಂಶ ಮುಂದೆ ಹೋಗುತ್ತದೆ, ಒಂದಂಶ ಕೈಗೆ ಹಿಂದಿರುಗುತ್ತದೆ. ತಂತಿಯಲ್ಲಿಯೂ ಹಾಗೆಯೇ. ಹಿಂದಿರುಗುವ ಅಲೆಯ ಪ್ರಮಾಣವನ್ನು ತಿಳಿಯಲು ಎರಡು ಸಹಜರೋಧಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಬೇಕು. ಹಿಂದಿರುಗುವ ಶಕ್ತಿ ಬೇಕಾದರೆ ಆ ಭಾಗಲಬ್ಧವನ್ನು ವರ್ಗ ಮಾಡಬೇಕು.

ಹಿಂದಿನ ಟಿ.ವಿ. ಆಂಟೆನಾಗಳಿಂದ ಇಳಿಯುತ್ತಿದ್ದ ಚಪ್ಪಟೆ ತಂತಿ 300 ಓಮಿನದು. ಅದನ್ನು 75 ಓಮಿನ ಕೇಬಲಿಗೆ ನೇರವಾಗಿ ಸೇರಿಸಿದರೆ 225 ÷ 375 = 0.6, ಇದರ ವರ್ಗ 0.36. ಅಂದರೆ ನೂರಕ್ಕೆ 36 ಪಾಲು ಶಕ್ತಿ ವಾಪಸು. ತೆರೆಯ ಮೇಲೆ ಒಂದು ಚಿತ್ರದ ಪಕ್ಕದಲ್ಲಿ ಅದರ ನೆರಳು ಬೀಳಲು ಇಂಥ ಹಿಮ್ಮರಳುವಿಕೆ ಒಂದು ಕಾರಣವಾಗಿತ್ತು. ಎರಡರ ನಡುವೆ ಹಾಕುತ್ತಿದ್ದ ಪುಟ್ಟ ಡಬ್ಬಿಯ ಕೆಲಸ ಈ ಅಂತರವನ್ನು ಹೊಂದಿಸುವುದು.

ಇನ್ನು ನಮ್ಮ ಮನೆಯ ಲೆಕ್ಕ: 75 ಮತ್ತು 50. ವ್ಯತ್ಯಾಸ 25, ಮೊತ್ತ 125, ಭಾಗಲಬ್ಧ 0.2, ವರ್ಗ 0.04. ನೂರಕ್ಕೆ ನಾಲ್ಕೇ ಪಾಲು! ಎರಡು ತುದಿಗಳಲ್ಲಿಯೂ ಹೀಗಾದರೆ ಸುಮಾರು ಎಂಟು ಪಾಲು. ಅಂಗಡಿಯವರು ಹೇಳಿದ ಕಾರಣ ಸುಳ್ಳಲ್ಲ, ಆದರೆ ನಮ್ಮ ನಷ್ಟಕ್ಕೆ ಅದು ಸಾಲದು. ಈ ಮಾತಿಗೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಇಲ್ಲಿ ಒಂದು ಸಂದೇಹ ಏಳಬಹುದು: ಮನೆಯ ದೀಪದ ತಂತಿ ಎಳೆಯುವಾಗ ಯಾರೂ ಈ ಓಮಿನ ಗೊಡವೆಗೆ ಹೋಗುವುದಿಲ್ಲವಲ್ಲ? ಕಾರಣ ಅಲೆಯ ಉದ್ದ. ಮೆಸ್ಕಾಂ ತಂತಿಯಲ್ಲಿನ 50 ಹರ್ಟ್ಸ್ ವಿದ್ಯುತ್ತಿನ ಒಂದು ಅಲೆ 6000 ಕಿಲೋಮೀಟರ್ ಉದ್ದ. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಎಳೆದ ತಂತಿಯೂ ಅದರ ಮುಂದೆ ಒಂದು ಚೂರು. ಪುತ್ತೂರಿನ ರೇಡಿಯೋ ಪಾಂಚಜನ್ಯದ 90.8 ಮೆಗಾಹರ್ಟ್ಸ್ ಅಲೆ ಸುಮಾರು 3.3 ಮೀಟರ್. ಮೊಬೈಲಿನ 2300 ಮೆಗಾಹರ್ಟ್ಸ್ ಅಲೆಯಾದರೋ ಬರಿಯ 13 ಸೆಂಟಿಮೀಟರ್. ಅಲೆ ಗಿಡ್ಡವಾದಂತೆ ಅಂಗೈಯಗಲದ ತಂತಿಯೂ 'ಉದ್ದದ ತಂತಿ' ಆಗಿಬಿಡುತ್ತದೆ. ಆಗ ಸಹಜರೋಧವನ್ನು ಲೆಕ್ಕಿಸದೆ ಗತಿಯಿಲ್ಲ.

ಕೇಬಲಿನಿಂದ ಪಟ್ಟಿಗೆ

ಆಂಟೆನಾದಿಂದ ಇಳಿದ ದುಂಡು ಕೇಬಲ್ ರೌಟರಿನ ಹೊರಗೇ ನಿಲ್ಲುತ್ತದೆ. ಒಳಗಿರುವುದು ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನಿಂದ ಮಾಡಿದ ಹಲಗೆ, ಅದರ ಮೇಲೆ ತಾಮ್ರದ ಪಟ್ಟಿಗಳು. ದುಂಡನೆಯ ಕೇಬಲ್ ಚಪ್ಪಟೆಯಾದದ್ದು ಹೇಗೆ?

ನಮ್ಮ ಕಡೆ ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ರೋಲರಿನಲ್ಲಿ ಕೊಟ್ಟು ಶೀಟು ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಕೇಬಲನ್ನೂ ಹಾಗೆಯೇ ರೋಲರಿಗೆ ಕೊಟ್ಟೆವೆಂದು ತಿಳಿಯೋಣ. ನಡುವಿನ ತಂತಿ ಚಪ್ಪಟೆಯಾಗಿ ಒಂದು ಪಟ್ಟಿಯಾಗುತ್ತದೆ. ಹೊರಗಿನ ಬಲೆ ಮೇಲೊಂದು ಕೆಳಗೊಂದು ತಗಡಾಗುತ್ತದೆ. ನಡುವಣ ಪ್ಲಾಸ್ಟಿಕ್ ಎರಡು ಪದರಗಳಾಗಿ ಪಟ್ಟಿಯನ್ನು ಮೇಲಿಂದಲೂ ಕೆಳಗಿಂದಲೂ ಅಪ್ಪಿಕೊಳ್ಳುತ್ತದೆ. ಇದೇ ಸ್ಟ್ರಿಪ್‌ಲೈನ್, ಕನ್ನಡದಲ್ಲಿ ಪಟ್ಟಿಮಾರ್ಗ ಎನ್ನೋಣ. ಅಮೆರಿಕದ ವಾಯುಸೇನೆಯ ಕೇಂಬ್ರಿಡ್ಜ್ ಸಂಶೋಧನಾ ಕೇಂದ್ರದ ರಾಬರ್ಟ್ ಬ್ಯಾರೆಟ್ 1950ರ ದಶಕದ ಆರಂಭದಲ್ಲಿ ಇದನ್ನು ಮುನ್ನಡೆಸಿದನು. ದುಂಡು ಕೊಳವೆಗಳನ್ನು ಕೊರೆದು ಕೂಡಿಸುವುದಕ್ಕಿಂತ ತಾಮ್ರದ ಹಾಳೆಯನ್ನು ಅಚ್ಚಿನಂತೆ ಕೆತ್ತುವುದು ಸುಲಭವೂ ಅಗ್ಗವೂ ಆಗಿತ್ತು. 1954ರಲ್ಲಿ ಸೀಮೋರ್ ಕೋನ್ ಇದರ ಸಹಜರೋಧದ ಸೂತ್ರಗಳನ್ನು ಪ್ರಕಟಿಸಿದನು.

ನಮ್ಮ ನಾಡಿನಲ್ಲಿಯೂ ಈ ಕ್ಷೇತ್ರದ ಅಭ್ಯಾಸ ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿಯವರು 1953ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಮತ್ತು ಆಂಟೆನಾಗಳ ಸಂಶೋಧನೆಯನ್ನು ಬೆಳೆಸಿದರು. ದೆಹಲಿಯ ಐ.ಐ.ಟಿ.ಯ ಭಾರತಿ ಭಟ್ ಮತ್ತು ಶಿಬನ್ ಕೌಲ್ ಅವರು ಪಟ್ಟಿಮಾರ್ಗದ ಜಾತಿಯ ತಂತಿಗಳ ಬಗೆಗೇ ಒಂದು ದೊಡ್ಡ ಗ್ರಂಥವನ್ನು 1989ರಲ್ಲಿ ಹೊರತಂದರು.

ಲೆಕ್ಕದ ದಾರಿ

ಯಾವುದೇ ತಂತಿಜೋಡಿಗೆ ಎರಡು ಗುಣಗಳಿವೆ. ಒಂದು ಧಾರಕತೆ, ಅಂದರೆ ಎರಡು ಲೋಹಗಳ ನಡುವೆ ವಿದ್ಯುದಂಶವನ್ನು ಹಿಡಿದಿಡುವ ಶಕ್ತಿ. ಇನ್ನೊಂದು ಪ್ರೇರಕತೆ, ಅಂದರೆ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ. ಒಂದು ಮೀಟರ್ ಉದ್ದಕ್ಕೆ ಇವನ್ನು ಕ್ರಮವಾಗಿ ಧಾ, ಪ್ರೇ ಎಂದು ಬರೆದರೆ, ಸಹಜರೋಧ ರೋ ಹೀಗಿರುತ್ತದೆ:

ರೋ = √(ಪ್ರೇ ÷ ಧಾ)

ಎರಡನ್ನೂ ಲೆಕ್ಕ ಹಾಕಬೇಕೇ ಎಂದು ಹೆದರಬೇಕಾಗಿಲ್ಲ. ಪಟ್ಟಿಯ ಸುತ್ತ ಒಂದೇ ಪದಾರ್ಥ ತುಂಬಿರುವುದರಿಂದ ಅಲೆಯ ವೇಗ ಆ ಪದಾರ್ಥದಿಂದಲೇ ನಿರ್ಧಾರವಾಗುತ್ತದೆ. ಆ ವೇಗ ವೇ ಆದರೆ ಪ್ರೇ × ಧಾ = 1 ÷ ವೇ². ಇದನ್ನು ಮೇಲಿನ ಸಮೀಕರಣದಲ್ಲಿ ಇಟ್ಟಾಗ,

ರೋ = 1 ÷ (ವೇ × ಧಾ)

ಹೀಗೆ ಧಾರಕತೆಯೊಂದನ್ನು ಕಂಡುಹಿಡಿದರೆ ಸಾಕು. ವೇಗವಂತೂ ಗೊತ್ತೇ ಇದೆ: ಬೆಳಕಿನ ವೇಗವನ್ನು ಪದಾರ್ಥದ ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಿದರೆ ಬರುವುದೇ ವೇ. ಈ ಸ್ಥಿರಾಂಕವನ್ನು ಸ ಎನ್ನೋಣ. ಗಾಳಿಗೆ ಇದು 1, ಪಾಲಿಥೀನಿಗೆ ಸುಮಾರು 2.25, ಗಾಜಿನ ನಾರಿನ ಹಲಗೆಗೆ ಸುಮಾರು 4.4.

ಈಗ ಧಾರಕತೆ. ಪಟ್ಟಿಯ ಅಗಲ ಅ, ಎರಡು ತಗಡುಗಳ ನಡುವಣ ಅಂತರ ನ ಆಗಿರಲಿ. ಪಟ್ಟಿಯು ಸರಿಯಾಗಿ ಮಧ್ಯದಲ್ಲಿದೆ. ಆದುದರಿಂದ ಮೇಲಿನ ತಗಡಿಗೂ ಕೆಳಗಿನ ತಗಡಿಗೂ ಅದರಿಂದ ನ/2 ದೂರ. ಮೇಲೊಂದು, ಕೆಳಗೊಂದು, ಹೀಗೆ ಎರಡು ಧಾರಕಗಳು ಜೊತೆಯಾಗಿ ನಿಂತಂತಾಯಿತು. ಪ್ರತಿಯೊಂದರ ಬಲ ಅ ÷ (ನ/2), ಅಂದರೆ 2 × ಅ/ನ. ಎರಡೂ ಸೇರಿ 4 × ಅ/ನ. ಇದನ್ನು ಶೂನ್ಯಾವಕಾಶದ ಸ್ಥಿರಾಂಕದಿಂದಲೂ ಸ ದಿಂದಲೂ ಗುಣಿಸಿದರೆ ಒಂದು ಮೀಟರಿನ ಧಾರಕತೆ ದೊರೆಯುತ್ತದೆ. ಶೂನ್ಯಾವಕಾಶಕ್ಕೂ ತನ್ನದೇ ಒಂದು ಸಹಜರೋಧವಿದೆ. ಅದು ಸುಮಾರು 377 ಓಮ್. ಎಲ್ಲವನ್ನೂ ಕೂಡಿಸಿ ಬರೆದಾಗ ಆ 377 ನಾಲ್ಕರಿಂದ ಭಾಗವಾಗಿ 94.2 ಆಗುತ್ತದೆ:

ರೋ = 94.2 ÷ (√ಸ × ಅ/ನ)

ಇದು ಪಟ್ಟಿ ಬಹಳ ಅಗಲವಾಗಿದ್ದಾಗ ಮಾತ್ರ ಸರಿ. ಏಕೆಂದರೆ ಪಟ್ಟಿಯ ಎರಡು ಅಂಚುಗಳಲ್ಲಿ ವಿದ್ಯುತ್ ಕ್ಷೇತ್ರವು ನೇರವಾಗಿ ನಿಲ್ಲದೆ ಹೊರಕ್ಕೆ ಬಾಗುತ್ತದೆ. ತುಂಬಿದ ತೋಡಿನ ನೀರು ಎರಡು ದಂಡೆಗಳಿಗೂ ಸ್ವಲ್ಪ ಚೆಲ್ಲಿದ ಹಾಗೆ. ಈ ಚೆಲ್ಲುವಿಕೆಯಿಂದ ಧಾರಕತೆ ಹೆಚ್ಚುತ್ತದೆ, ಪಟ್ಟಿಯು ಇರುವುದಕ್ಕಿಂತ ಅಗಲವಾಗಿರುವಂತೆ ವರ್ತಿಸುತ್ತದೆ. ಎಷ್ಟು ಅಗಲ? ತೆಳುಪಟ್ಟಿಗೆ ಗಣಿತಜ್ಞರು ಕಂಡುಕೊಂಡ ಉತ್ತರ ಬಹಳ ಸರಳ: ತಗಡುಗಳ ಅಂತರದ 0.441 ಪಾಲಿನಷ್ಟು. ಆದುದರಿಂದ ತಿದ್ದಿದ ಸೂತ್ರ,

ರೋ = 94.2 ÷ [√ಸ × (ಅ/ನ + 0.441)]

ಈ ಒಂದು ಸಾಲನ್ನು ನೆನಪಿನಲ್ಲಿಟ್ಟರೆ ಪಟ್ಟಿಮಾರ್ಗದ ಬಹುಪಾಲು ಲೆಕ್ಕ ಕೈವಶವಾದಂತೆ.

ಒಂದು ಉದಾಹರಣೆ

ತಲಾ 1.6 ಮಿಲಿಮೀಟರ್ ದಪ್ಪದ ಎರಡು ಗಾಜಿನಾರಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ 1.5 ಮಿಲಿಮೀಟರ್ ಅಗಲದ ತಾಮ್ರದ ಪಟ್ಟಿ ಹಾಕಿದೆವು. ಹೊರಗಿನ ಎರಡು ಮುಖಗಳಲ್ಲಿ ತಾಮ್ರದ ತಗಡು. ಇಲ್ಲಿ ನ = 3.2, ಅ = 1.5, ಸ = 4.4.

ಮೊದಲ ಹೆಜ್ಜೆ: ಅ/ನ = 1.5 ÷ 3.2 = 0.469.
ಎರಡನೆಯದು: 0.469 + 0.441 = 0.910.
ಮೂರನೆಯದು: 4.4ರ ವರ್ಗಮೂಲ 2.098, ಅದರಿಂದ ಗುಣಿಸಿದರೆ 1.909.
ಕೊನೆಯದು: 94.2 ÷ 1.909 = 49.3 ಓಮ್.

ಬೇಕಾದ 50ಕ್ಕೆ ಇದು ಬಹಳ ಹತ್ತಿರ. ಇನ್ನೊಂದು ದಾರಿಯಿಂದ ತಾಳೆ ನೋಡೋಣ. ಒಂದು ಮೀಟರಿನ ಧಾರಕತೆ 4 × 8.854 × 4.4 × 0.910, ಅಂದರೆ ಸುಮಾರು 142 ಪಿಕೋಫ್ಯಾರಡ್. ಅಲೆಯ ವೇಗ ಸೆಕೆಂಡಿಗೆ 30 ಕೋಟಿ ಮೀಟರನ್ನು 2.098ರಿಂದ ಭಾಗಿಸಿದಾಗ ಸುಮಾರು 14.3 ಕೋಟಿ ಮೀಟರ್. ಇವೆರಡರ ಗುಣಲಬ್ಧದಿಂದ 1ನ್ನು ಭಾಗಿಸಿದರೆ ಮತ್ತೆ 49 ಓಮಿನ ಆಸುಪಾಸೇ ಬರುತ್ತದೆ. ಎರಡು ದಾರಿಯಿಂದ ಒಂದೇ ಮನೆಗೆ ತಲುಪಿದಾಗ ಮನಸ್ಸಿಗೆ ಆಗುವ ಸಮಾಧಾನ ಲೆಕ್ಕ ಮಾಡಿದವರಿಗೇ ಗೊತ್ತು.

ಇದೇ ಸೂತ್ರದಿಂದ ಬೇರೆ ಕೆಲವು ಸಂಗತಿಗಳೂ ಹೊಳೆಯುತ್ತವೆ. ಪಟ್ಟಿಯ ಅಗಲವನ್ನು 3 ಮಿಲಿಮೀಟರಿಗೆ ಏರಿಸಿದರೆ ಸಹಜರೋಧ 32.6 ಓಮಿಗೆ ಇಳಿಯುತ್ತದೆ. ಅಗಲ ಇಮ್ಮಡಿಯಾದರೂ ರೋಧ ಅರ್ಧವಾಗಲಿಲ್ಲ. ಅಂಚಿನ ಪಾಲು ಬದಲಾಗದೆ ಉಳಿದದ್ದೇ ಇದಕ್ಕೆ ಕಾರಣ. ಪಟ್ಟಿಯನ್ನೂ ಅಂತರವನ್ನೂ ಒಟ್ಟಿಗೆ ಅರ್ಧ ಮಾಡಿದರೆ ಉತ್ತರ ಬದಲಾಗುವುದೇ ಇಲ್ಲ. ಮುಖ್ಯವಾದದ್ದು ಅಳತೆಯಲ್ಲ, ಅಳತೆಗಳ ಪ್ರಮಾಣ. ಹಲಗೆಯನ್ನು ತೆಗೆದು ಗಾಳಿಯೊಂದನ್ನೇ ಬಿಟ್ಟರೆ 1.5 ಮಿಲಿಮೀಟರಿನ ಅದೇ ಪಟ್ಟಿ 103 ಓಮಿನದಾಗುತ್ತದೆ.

ಸೂತ್ರದ ಮಿತಿಗಳು

ಸೂತ್ರವನ್ನು ಕುರುಡಾಗಿ ನಂಬಬಾರದು. ಮೊದಲನೆಯದಾಗಿ, ಅ/ನ 0.35ಕ್ಕಿಂತ ಕಡಿಮೆಯಾದರೆ ಪಟ್ಟಿಯ ಎರಡು ಅಂಚುಗಳು ತೀರ ಸಮೀಪಕ್ಕೆ ಬಂದು ಒಂದರ ಚೆಲ್ಲುವಿಕೆ ಇನ್ನೊಂದನ್ನು ಬಾಧಿಸುತ್ತದೆ. ಆಗ 0.35ರಿಂದ ಅ/ನ ವನ್ನು ಕಳೆದು, ಬಂದುದನ್ನು ವರ್ಗ ಮಾಡಿ, ಅಷ್ಟನ್ನು ಅ/ನ ದಿಂದ ತೆಗೆದು ಮುಂದುವರಿಯಬೇಕು. ಎರಡನೆಯದಾಗಿ, ತಾಮ್ರಕ್ಕೂ ದಪ್ಪವಿದೆ. ಸಾಮಾನ್ಯವಾದ 0.035 ಮಿಲಿಮೀಟರ್ ದಪ್ಪವು ನಮ್ಮ ಉದಾಹರಣೆಯ ಉತ್ತರವನ್ನು ಸುಮಾರು ಒಂದೂವರೆ ಓಮ್ ತಗ್ಗಿಸುತ್ತದೆ. ಮೂರನೆಯದಾಗಿ, ಹಲಗೆಯ ಸ್ಥಿರಾಂಕ ಎಲ್ಲ ತಯಾರಿಕೆಯಲ್ಲಿಯೂ ಒಂದೇ ಇರದು. ಅದು 4.2 ಆದರೆ ಉತ್ತರ 50.5, 4.6 ಆದರೆ 48.3. ಆದುದರಿಂದ ದಶಾಂಶದ ಮುಂದೆ ನಾಲ್ಕು ಸ್ಥಾನಗಳವರೆಗೆ ಲೆಕ್ಕ ಮಾಡುವುದು ವ್ಯರ್ಥ ಪಾಂಡಿತ್ಯ.

ಎಲ್ಲೆಲ್ಲಿಯೂ 50, 75 ಎಂಬ ಅಂಕೆಗಳೇ ಏಕೆ ಎಂದು ಕೇಳಬಹುದು. ಗಾಳಿ ತುಂಬಿದ ದುಂಡು ಕೇಬಲಿನಲ್ಲಿ ಅತಿ ಹೆಚ್ಚು ಶಕ್ತಿಯನ್ನು ಸಾಗಿಸಲು 30 ಓಮ್ ಒಳ್ಳೆಯದು, ಅತಿ ಕಡಿಮೆ ನಷ್ಟಕ್ಕೆ 77 ಓಮ್ ಒಳ್ಳೆಯದು. ಇವೆರಡರ ನಡುವಿನ ರಾಜಿಯೇ 50. ಟಿ.ವಿ. ಕೇಬಲಿಗೆ ಶಕ್ತಿ ಸಾಗಿಸುವ ಚಿಂತೆಯಿಲ್ಲ, ನಷ್ಟ ಕಡಿಮೆಯಾದರೆ ಸಾಕು, ಅದಕ್ಕಾಗಿ 75.

ಉಪಸಂಹಾರ

ಈಗ ನಮ್ಮ ಗುಡ್ಡಕ್ಕೆ ಮರಳೋಣ. ಓಮ್ ತಾಳೆಯಾಗದ ನಷ್ಟ ನೂರಕ್ಕೆ ಎಂಟು ಎಂದಾಯಿತು. ಹಾಗಾದರೆ ಉಳಿದದ್ದು ಹೋದದ್ದೆಲ್ಲಿ? ಉತ್ತರ ತಂತಿಯ ಉದ್ದದಲ್ಲಿತ್ತು. ಸಹಜರೋಧ ಉದ್ದದಿಂದ ಬದಲಾಗದಿದ್ದರೂ ನಷ್ಟ ಬದಲಾಗುತ್ತದೆ. ಟಿ.ವಿ.ಗೆ ಬಳಸುವ ಸಾಮಾನ್ಯ ಕೇಬಲ್ 2000 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ 100 ಮೀಟರಿಗೆ ಸುಮಾರು 30 ಡೆಸಿಬೆಲ್ ತಿನ್ನುತ್ತದೆ. ನಮ್ಮ 35 ಮೀಟರಿಗೆ 10 ಡೆಸಿಬೆಲ್ ಎಂದಿಟ್ಟುಕೊಂಡರೆ, ಗುಡ್ಡದ ಮೇಲೆ ಹಿಡಿದ ಸಂಕೇತದ ಹತ್ತನೆಯ ಒಂದು ಪಾಲು ಮಾತ್ರ ಚಾವಡಿಗೆ ತಲುಪುತ್ತದೆ. ಅಂಗಡಿಯವರ ಮಾತು ಕೇಳಿ ಅಷ್ಟೇ ಉದ್ದದ, ಅಷ್ಟೇ ತೆಳ್ಳಗಿನ 50 ಓಮಿನ ಕೇಬಲ್ ತಂದಿದ್ದರೂ ಹಣ ಹೋಗುತ್ತಿತ್ತೇ ಹೊರತು ಸಂಕೇತ ಬರುತ್ತಿರಲಿಲ್ಲ.

ಈ ಲೆಕ್ಕವನ್ನು ಒಂದು ಹಳೆಯ ನೋಟ್ ಪುಸ್ತಕದ ಹಾಳೆಯಲ್ಲಿ ಬರೆದು ಮಾವನಿಗೆ ತೋರಿಸಿದೆ. ಅವರು ಶಾಲೆ ಓದಿದ್ದು ಐದನೆಯ ತರಗತಿಯವರೆಗೆ. ಆದರೂ ಹಾಳೆಯನ್ನು ಎರಡು ಸಲ ನೋಡಿ, "ಹಾಗಾದರೆ ತಪ್ಪು ಓಮಿನದ್ದಲ್ಲ, ದೂರದ್ದು. ಪೆಟ್ಟಿಗೆಯನ್ನೇ ಮೇಲೆ ತೆಗೆದುಕೊಂಡು ಹೋಗುವ" ಎಂದರು. ಗುಡ್ಡದ ಮೇಲೆ ನಮ್ಮ ರಬ್ಬರ್ ಶೀಟಿನ ಶೆಡ್ಡಿದೆ, ಅಲ್ಲಿ ವಿದ್ಯುತ್ ಇದೆ. ರೌಟರನ್ನು ಅಲ್ಲಿಯೇ ಗೋಡೆಗೆ ಸಿಕ್ಕಿಸಿ, ಆಂಟೆನಾದೊಡನೆ ಬಂದಿದ್ದ ಗಿಡ್ಡ ತಂತಿಯನ್ನೇ ಜೋಡಿಸಿದೆವು. ಅಂದಿನಿಂದ ಇಂದಿನವರೆಗೆ ನನ್ನ ಓದಿನ ಕೋಣೆ ಆ ಶೆಡ್ಡೇ. ಹೊಗೆಯ ವಾಸನೆ ಪುಸ್ತಕಗಳಿಗೂ ಹತ್ತಿದೆ. ಈ ಲೇಖನವನ್ನು ಬರೆದದ್ದೂ ಅಲ್ಲಿಯೇ ಕುಳಿತು.

ಸಹಜರೋಧದ ಈ ಪುಟ್ಟ ಅಧ್ಯಯನದಿಂದ ನಾನು ಕಲಿತದ್ದು ಸೂತ್ರವೊಂದನ್ನೇ ಅಲ್ಲ. ತಿಳಿಯದ ಪದವೊಂದನ್ನು ಯಾರಾದರೂ ಹೇಳಿದಾಗ ನಾವು ತಲೆಯಾಡಿಸಿ ಹಣ ತೆರುತ್ತೇವೆ. ಆ ಪದದ ಹಿಂದೆ ಒಂದು ಅಳತೆಯಿದೆ, ಆ ಅಳತೆಗೆ ಲೆಕ್ಕವಿದೆ, ಆ ಲೆಕ್ಕ ನಮ್ಮಂಥವರಿಗೂ ಎಟಕುವಂಥದು. ಕಾರಣ ನಿಜವೇ ಎಂದು ಕೇಳಿದರೆ ಸಾಲದು, ಎಷ್ಟರಮಟ್ಟಿಗೆ ನಿಜ ಎಂದೂ ಕೇಳಬೇಕು. ಇತಿಹಾಸದ ತರಗತಿಯಲ್ಲಿ ಗುರುಗಳು ಯುದ್ಧವೊಂದರ ಕಾರಣಗಳನ್ನು ತೂಗಿ ನೋಡಿರೆಂದು ಹೇಳುವಾಗಲೂ ನನಗೆ ಈ 0.04 ಎಂಬ ಅಂಕೆ ನೆನಪಾಗುವುದುಂಟು.

ವಿಜ್ಞಾನವನ್ನು ಕ್ರಮವಾಗಿ ಓದಿದವರು ಇದರಲ್ಲಿ ದೋಷಗಳನ್ನು ಕಂಡರೆ ತಿದ್ದಬೇಕಾಗಿ ಕೋರುತ್ತೇನೆ. ಕಲಾ ವಿಭಾಗದ ಮಿತ್ರರು ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಮೇಲಿನ ಉದಾಹರಣೆಯನ್ನು ಬೇರೆ ಅಗಲಕ್ಕೆ ಒಮ್ಮೆ ಮಾಡಿ ನೋಡಿದರೆ ಈ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇನೆ.